ಗಾಡಿ ಕೊಡದ ಹಳ್ಳಿಗರು

ಮೊದಲ ಮಹಾಯುದ್ಧದಲ್ಲಿ ಆಂಗ್ಲರ ಸೈನ್ಯಕ್ಕೆ ಜನ ಸೇರಿಸಲು ಗಾಂಧೀಜಿಯವರೇ ಊರೂರು ಅಲೆದರೆಂದರೆ ಓದುಗರಿಗೆ ಸೋಜಿಗವೆನಿಸೀತು. ೧೯೧೮ರ ಏಪ್ರಿಲಿನಲ್ಲಿ ವೈಸರಾಯರು ದೆಹಲಿಯಲ್ಲಿ ಕರೆದ ಯುದ್ಧ ಪರಿಷತ್ತಿನಲ್ಲಿ ಅವರು ಹಿಂದಿಯಲ್ಲಿ ಒಂದೇ ವಾಕ್ಯ ನುಡಿದು, ಸೈನ್ಯಭರ್ತಿಯ ನಿರ್ಣಯಕ್ಕೆ ಬೆಂಬಲವಿತ್ತರು. ಸಾಮ್ರಾಜ್ಯದ ಕಷ್ಟಕಾಲದಲ್ಲಿ ನೆರವಾದರೆ ಸ್ವರಾಜ್ಯ ಹತ್ತಿರವಾದೀತೆಂಬುದು ಅವರ ಎಣಿಕೆ.

ಕೆಲಸಕ್ಕೆ ಆರಿಸಿಕೊಂಡದ್ದು ಗುಜರಾತಿನ ಖೇಡಾ ಜಿಲ್ಲೆಯನ್ನು. ಬೆಳೆ ಕೆಟ್ಟ ವರ್ಷ ಕಂದಾಯ ಕೊಡೆವೆಂದು ಅಲ್ಲಿನ ರೈತರು ಅವರ ಮಾತಿನಂತೆ ಆಗಷ್ಟೇ ಸತ್ಯಾಗ್ರಹ ನಡೆಸಿದ್ದರು. ಅಂದು ಪುಕ್ಕಟೆ ಗಾಡಿ ಕಟ್ಟಿಕೊಟ್ಟವರು ಇಂದು ಬಾಡಿಗೆಗೂ ಕೊಡಲೊಲ್ಲರು! ಗಾಂಧೀಜಿಯೂ ಸಂಗಡಿಗರೂ ಬುತ್ತಿಯ ಚೀಲ ಹೊತ್ತು ದಿನಕ್ಕೆ ಇಪ್ಪತ್ತು ಮೈಲಿ ನಡೆದರು. ಅಹಿಂಸೆ ಬೋಧಿಸುವವರು ಆಯುಧ ಹಿಡಿಯೆನ್ನುವುದು ಹೇಗೆ, ಈ ಸರಕಾರ ನಮಗೆ ಮಾಡಿದ ಉಪಕಾರವೇನು ಎಂದು ಜನ ಕೇಳಿದರು. ಬಹಳ ದುಡಿದ ಮೇಲೆ ಕೆಲವರು ಹೆಸರು ಕೊಟ್ಟರು. ಗಾಂಧೀಜಿ ಆಮಶಂಕೆಯಿಂದ ಹಾಸಿಗೆ ಹಿಡಿದರು. ನವೆಂಬರಿನಲ್ಲಿ ಯುದ್ಧವೇ ಮುಗಿಯಿತು.

೧೯೧೯ರಲ್ಲಿ ಆ ನೆರವಿಗೆ ದೊರೆತ ಪ್ರತಿಫಲ ರೌಲಟ್ ಶಾಸನ ಮತ್ತು ಜಲಿಯನ್‌ವಾಲಾ ಬಾಗ್. ೧೯೨೦ರ ಆಗಸ್ಟಿನಲ್ಲಿ ಗಾಂಧೀಜಿ ತಮ್ಮ ಯುದ್ಧಸೇವೆಯ ಪದಕಗಳನ್ನು ವೈಸರಾಯರಿಗೆ ಹಿಂದಿರುಗಿಸಿದರು. ನಾಯಕನ ಹಿಂದೆ ಜನ ನಡೆಯುವುದುಂಟು. ಒಮ್ಮೊಮ್ಮೆ ಜನರೇ ಒಂದು ಹೆಜ್ಜೆ ಮುಂದಿರುವುದೂ ಉಂಟು. ಗಾಡಿ ಕೊಡದ ಆ ರೈತರ ಪ್ರಶ್ನೆಯನ್ನು ಎರಡು ವರ್ಷದ ಮೇಲೆ ಗಾಂಧೀಜಿ ತಾವೇ ಕೇಳಿದರು.