ಸೊಲ್ಲು ಹಿಡಿದವರ ಹುಡುಕಾಟ

ಬ್ರಿಟನ್ನಿನ ವೃಂದಗಾನ ರಚನಕಾರ ಜಾನ್ ರಟರ್ ಅವರ ವೃತ್ತಿಜೀವನವನ್ನು ಕುರ್ಚಿಯಿಂದ ಏಳದೆಯೇ ಬರೆಯಬಹುದು. 1945ರಲ್ಲಿ ಲಂಡನ್ನಿನಲ್ಲಿ ಜನನ, 1975ರಿಂದ 79ರವರೆಗೆ ಕೇಂಬ್ರಿಡ್ಜಿನ ಕ್ಲೇರ್ ಕಾಲೇಜಿನಲ್ಲಿ ಸಂಗೀತ ನಿರ್ದೇಶಕರ ಕೆಲಸ, 1981ರಲ್ಲಿ ತಮ್ಮದೇ ಕೇಂಬ್ರಿಡ್ಜ್ ಸಿಂಗರ್ಸ್ ತಂಡ. ಕೃತಿಗಳು ಸ್ವರಲಿಪಿ ಸಮೇತ ಅಚ್ಚಾಗಿವೆ. ಅದೇ ಕೆಲಸವನ್ನು ಹನೂರು ತಾಲ್ಲೂಕಿನ ಬಂಡಳ್ಳಿ ಸೀಮೆಯಲ್ಲಿ ಮಾಡುವವರು ಮಾದಪ್ಪನ, ಅಂದರೆ ಮಲೆಯ ಮಾದೇಶ್ವರನ, ಕಥೆ ಹಾಡುವ ದೇವರಗುಡ್ಡರು. ಕಥೆಯನ್ನು ಆ ಗಳಿಗೆಯಲ್ಲಿ ಕಟ್ಟುತ್ತಾ, ಕಂಸಾಳೆ ಎಂಬ ತಾಳದ ಪೆಟ್ಟಿನಲ್ಲಿ ಮೇಳವನ್ನು ನಡೆಸುವ ಮುಂದಾಳುಗಳು ಅವರು. ಅವರ ಹೆಸರು ಕಾಗದದಲ್ಲಿ ಎಲ್ಲಿದೆ ಎಂದು ಹುಡುಕಹೊರಟೆ.

ಮೊದಲ ತೊಡಕು ಗಡಿಯದು. ಹನೂರು ಸೀಮೆ ಆಗ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ. ಹಾಗಾಗಿ ಈ ಊರುಗಳ ಹಳೆಯ ಕಥೆಗೆ ಮೈಸೂರು ಅರಮನೆಯ ಕಡತ ತೆರೆದರೆ ಉಪಯೋಗವಿಲ್ಲ; ಹಿಡಿಯಬೇಕಾದ್ದು ನಿಕೋಲ್ಸನ್ 1887ರಲ್ಲಿ ಬರೆದ ಕೊಯಮತ್ತೂರು ಜಿಲ್ಲಾ ಕೈಪಿಡಿಯಂಥವನ್ನು. ಅವು ಹುಟ್ಟಿದ್ದು ಕಂದಾಯದ ಆಡಳಿತಕ್ಕಾಗಿ. ನೆಲ, ಬೆಳೆ, ಕಾಡು, ತೆರಿಗೆ ಎಂದು ಸಾಗುವ ಕಣ್ಣಿಗೆ ಹಾಡುಗಾರ ಬೀಳಬೇಕಾದ ಕಾರಣವೇ ಇಲ್ಲ.

ಆಲಂಬಾಡಿಯನ್ನೇ ನೋಡಿ. ಕಾವೇರಿ ದಡದ ಆ ಊರಿನ ದನದ ತಳಿಯ ವಿವರ 1909ರ ಗನ್ ಅವರ ದಕ್ಷಿಣ ಭಾರತದ ದನಗಳ ಪುಸ್ತಕದಲ್ಲಿ ಸಿಗುತ್ತದೆ. ಮಾದಪ್ಪನ ಕಥೆಯಲ್ಲಿ ಆಲಂಬಾಡಿ ಎಂದರೆ ಜುಂಜೇಗೌಡ, ಮಾದಪ್ಪನಿಗೆ ಗುಡಿ ಕಟ್ಟಿಸಿದ ಸಾಹುಕಾರ. ಸರ್ಕಾರ ಎತ್ತನ್ನು ಬರೆದುಕೊಂಡಿತು, ಗೌಡನನ್ನು ಹಾಡುಗಾರರು ಉಳಿಸಿಕೊಂಡರು. ಆ ಹಾಡುಗಾರರನ್ನು ಬರೆದುಕೊಂಡವರು ಯಾರು?

ಅದಕ್ಕೆ ಜಾನಪದ ಸಂಗ್ರಹಗಳಿಗೇ ಬರಬೇಕು. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲಿ ಬಂತು. 1990ರ ದಶಕದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜನಪದ ಮಹಾಕಾವ್ಯಗಳನ್ನು ಸಾಲಾಗಿ ಹೊರತಂದಾಗ ಕೆ. ಕೇಶವನ್ ಪ್ರಸಾದ್ ಮಾದಪ್ಪನ ಕಾವ್ಯವನ್ನು ಸಂಗ್ರಹಿಸಿಕೊಟ್ಟರು. ಅದನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದರು, ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಅಲ್ಲಿ ಸಿಕ್ಕಿತು ಹೆಸರು: ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು. ಹಾಡುಗಾರನನ್ನು ಕೃತಿಯ ಒಡೆಯನಂತೆ ಮುಂದೆ ನಿಲ್ಲಿಸಿದ್ದು ಸಣ್ಣ ಕೆಲಸವಲ್ಲ. ಆದರೂ ನನ್ನ ಹುಡುಕಾಟ ‘ಸಂಗಡಿಗರು’ ಎಂಬಲ್ಲಿ ಮತ್ತೆ ತಡೆದು ನಿಂತಿತು.

ಏಕೆಂದರೆ ಕಂಸಾಳೆಯ ಕಥೆ ಒಬ್ಬನ ಹಾಡಲ್ಲ. ಮುಂದಾಳು ಒಂದು ಎಳೆ ಹಾಡಿದರೆ ಹಿಮ್ಮೇಳದವರು ಸೊಲ್ಲು, ಅಂದರೆ ಪಲ್ಲವಿ, ಹಿಡಿಯುತ್ತಾರೆ. ದಮ್ಮಡಿ ಎಂಬ ಚರ್ಮವಾದ್ಯದ ಬಡಿತ ಬಿಡುವುದಿಲ್ಲ. ನಡುವೆ ಮುಂದಾಳು ಮಾತಿಗಿಳಿದು ಕಥೆ ಹೇಳುತ್ತಾನೆ, ಮತ್ತೆ ರಾಗಕ್ಕೆ ಏರುತ್ತಾನೆ. ಸೊಲ್ಲು ಮರಳಿ ಬರುವಷ್ಟು ಹೊತ್ತೇ ಅವನಿಗೆ ಮುಂದಿನ ಎಳೆ ಹೊಸೆಯಲು ಸಿಗುವ ಬಿಡುವು. ಅಂದರೆ ಹಿಮ್ಮೇಳ ಬರೀ ಅಲಂಕಾರವಲ್ಲ, ಕಾವ್ಯ ಹುಟ್ಟುವ ಕ್ರಮದಲ್ಲೇ ಅದಕ್ಕೆ ಪಾಲಿದೆ. ರಾತ್ರಿಯಿಡೀ ನಡೆಯುವ ಕಥೆಯಲ್ಲಿ ಆ ಸೊಲ್ಲು ಎಷ್ಟು ಸಲ ಬರುತ್ತದೋ! ಅಚ್ಚಿಗೆ ಹೋಗುವಾಗ ಇಂಥ ಪಲ್ಲವಿಯನ್ನು ಒಮ್ಮೆ ಕೊಟ್ಟು ಮುಂದೆ ಕೈಬಿಡುವುದು ಸಂಪಾದಕರ ವಾಡಿಕೆ. ಪುಟ ಉಳಿಯುತ್ತದೆ, ಸರಿ. ಆದರೆ ಮೇಳದ ಕಾವ್ಯ ಒಂಟಿ ಕವಿಯ ಕಾವ್ಯದಂತೆ ಕಾಣತೊಡಗುತ್ತದೆ. ನಾವು ಓದುವ ಮಾದಪ್ಪನ ಕಾವ್ಯದಲ್ಲಿ ಅರ್ಧ ಸದ್ದು ಹೀಗೆ ಕಳೆದಿದೆ ಎಂದೇ ನನ್ನ ಎಣಿಕೆ.

ಹಾಡುಗಾರರ ಹೆಸರು ಅಳಿದರೂ ‘ಸಾಲು’ ಎಂದು ಕರೆಯುವ ಕಾವ್ಯದ ವಿಭಾಗಗಳಿಗೆ ಮಾತ್ರ ಹೆಸರು ಗಟ್ಟಿಯಾಗಿ ನಿಂತಿದೆ: ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಯಾವ ರಾತ್ರಿ ಯಾವ ಸಾಲು, ಎಲ್ಲಿ ಹಿಗ್ಗಿಸುವುದು, ಎಲ್ಲಿ ಮೊಟಕು ಮಾಡುವುದು ಎಂಬುದು ಮುಂದಾಳಿನ ವಿವೇಚನೆ. ರಚನೆಯೂ ನಿರ್ದೇಶನವೂ ಬೆರೆಯುವ ಜಾಗ ಅದು. ಅದನ್ನು ಅಳೆಯಬೇಕೆಂದರೆ ಬೇರೆ ಬೇರೆ ಮೇಳಗಳ ಒಂದೇ ಸಾಲನ್ನು ಪಕ್ಕಪಕ್ಕ ಇಡಬೇಕು, ಅದೂ ಅಚ್ಚಿನ ಪಾಠದಲ್ಲಲ್ಲ, ಸೊಲ್ಲು ಪೂರ್ತಿ ಕೇಳುವ ಧ್ವನಿಮುದ್ರಣದಲ್ಲಿ.

ಶಿವರಾತ್ರಿಗೂ ದೀಪಾವಳಿಗೂ ಮಾದಪ್ಪನ ಬೆಟ್ಟದಲ್ಲಿ ಜಾತ್ರೆಯಿದೆ. ಇನ್ನು ಮುಂದೆ ಧ್ವನಿಮುದ್ರಣ ಮಾಡುವಾಗ ದಮ್ಮಡಿ ಬಡಿಯುವವರ, ಸೊಲ್ಲು ಹಿಡಿಯುವವರ ಹೆಸರನ್ನು ಮೊದಲು ಬರೆದುಕೊಂಡು, ಮುಂದಾಳಿನ ಹೆಸರನ್ನು ಆಮೇಲೆ ಕೇಳುವುದೆಂದು ತೀರ್ಮಾನಿಸಿದ್ದೇನೆ.