ಊರಿನ ಸುದ್ದಿಗೆ ಊರವರೇ ವರದಿಗಾರರು

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಆನಗೋಡು. 1992ರ ಸೆಪ್ಟೆಂಬರಿನಲ್ಲಿ ಇಲ್ಲಿ ನಡೆದ ಗೋಲಿಬಾರಿನಲ್ಲಿ ಇಬ್ಬರು ರೈತರು ಮಡಿದರು. ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಹಾಗಾಗಿ ಅಂದಿನ ಸುದ್ದಿ ಹೊರಜಗತ್ತಿಗೆ ತಲುಪಲು ಪತ್ರಿಕೆಗಳನ್ನೇ ನಂಬಬೇಕಿತ್ತು. ಇಂದು ಸ್ಥಳದಲ್ಲಿದ್ದವರ ಕೈಯಲ್ಲಿಯೇ ಮೊಬೈಲ್ ಇರುತ್ತದೆ. ಹೀಗೆ ಸಾಮಾನ್ಯರೇ ಸುದ್ದಿ ಒದಗಿಸುವುದಕ್ಕೆ ನಾಗರಿಕ ಪತ್ರಿಕೋದ್ಯಮ ಎಂದು ಹೆಸರು.

ಬೆಳೆದು ಬಂದ ದಾರಿ

ದಕ್ಷಿಣ ಕೊರಿಯಾದ ಓಹ್‌ಮೈನ್ಯೂಸ್ 2000ದ ಫೆಬ್ರವರಿಯಲ್ಲಿ 727 ನಾಗರಿಕ ವರದಿಗಾರರೊಂದಿಗೆ ಆರಂಭವಾಯಿತು. 2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿದಾಗ ಜಗತ್ತು ಕಂಡ ಅನೇಕ ದೃಶ್ಯಗಳು ಪ್ರವಾಸಿಗರು, ಸ್ಥಳೀಯರು ಸೆರೆಹಿಡಿದವು. 2010ರಲ್ಲಿ ಛತ್ತೀಸ್‌ಗಢದಲ್ಲಿ ಆರಂಭವಾದ ಸಿಜಿನೆಟ್ ಸ್ವರದ ಮೂಲಕ ಓದುಬರಹ ಬಾರದವರೂ ಫೋನಿನಲ್ಲಿ ಮಾತನಾಡಿ ತಮ್ಮ ಊರಿನ ಕುಂದುಕೊರತೆ ತಿಳಿಸುವಂತಾಯಿತು.

ಎಚ್ಚರಿಕೆಯ ಪಾಠ

2018ರ ಜುಲೈಯಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರ ತಂಡವೊಂದು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅವರು ಮಕ್ಕಳ ಕಳ್ಳರೆಂಬ ವದಂತಿ ವಾಟ್ಸಾಪ್‌ನಲ್ಲಿ ಹರಿದಾಡಿತು. ಮುರ್ಕಿ ಗ್ರಾಮದಲ್ಲಿ ಜನರ ಗುಂಪು ಅವರನ್ನು ಥಳಿಸಿತು. ಹೈದರಾಬಾದಿನ ಯುವ ಇಂಜಿನಿಯರ್ ಪ್ರಾಣ ಕಳೆದುಕೊಂಡರು. ವದಂತಿಯನ್ನು ಕಳುಹಿಸಿದವರೂ ತಾವು ಊರಿಗೆ ಉಪಕಾರವನ್ನೇ ಮಾಡುತ್ತಿದ್ದೇವೆ ಎಂದುಕೊಂಡಿರಬಹುದು. ಸುದ್ದಿಗೂ ವದಂತಿಗೂ ಇರುವ ಅಂತರ ಇಷ್ಟೇ: ಯಾರಾದರೂ ವಿಚಾರಿಸಿ ನೋಡಿದರೇ, ಇಲ್ಲವೇ?

ನಾವು ಪಾಲಿಸಬೇಕಾದದ್ದು

* ಅಪಘಾತ ಕಂಡರೆ ಮೊದಲು 112ಕ್ಕೆ ಕರೆ ಮಾಡೋಣ, ಚಿತ್ರ ಆಮೇಲೆ.
* ಏನು, ಎಲ್ಲಿ, ಯಾವಾಗ ಎಂಬುದನ್ನು ಸ್ಪಷ್ಟವಾಗಿ ಬರೆಯೋಣ. ಕಣ್ಣಾರೆ ಕಂಡದ್ದನ್ನೂ ಕೇಳಿದ್ದನ್ನೂ ಬೇರೆಬೇರೆಯಾಗಿ ಹೇಳೋಣ.
* ಕೇಳಿದ ವಿಷಯವನ್ನು ಕನಿಷ್ಠ ಇಬ್ಬರಲ್ಲಿ ವಿಚಾರಿಸೋಣ. ಆರೋಪವಿದ್ದರೆ ಆರೋಪಕ್ಕೊಳಗಾದವರ ಮಾತನ್ನೂ ಕೇಳೋಣ.
* ಮೃತರ ಮನೆಯವರಿಗೆ ತಿಳಿಯುವ ಮುನ್ನ ಹೆಸರು, ಚಿತ್ರ ಹಾಕುವುದು ಬೇಡ.
* ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳ ಗುರುತು ಬಹಿರಂಗಪಡಿಸುವುದು 2012ರ ಪೋಕ್ಸೋ ಕಾಯ್ದೆಯಂತೆ ಅಪರಾಧ.
* ತಪ್ಪಾಗಿದ್ದರೆ ಸದ್ದಿಲ್ಲದೆ ಅಳಿಸದೆ, ತಿದ್ದುಪಡಿಯನ್ನೂ ಅದೇ ಜನರಿಗೆ ತಲುಪಿಸೋಣ.

ಕೆಟ್ಟು ನಿಂತ ಕೊಳವೆಬಾವಿ, ಬಾರದ ಬಸ್ಸು, ಮುರಿದ ಸೇತುವೆ - ಇವು ದೊಡ್ಡ ಪತ್ರಿಕೆಗೆ ಸಣ್ಣ ವಿಷಯ. ಊರಿನವರಿಗೆ ಅದೇ ದಿನನಿತ್ಯದ ಬದುಕು. ಅದನ್ನು ಸತ್ಯವಾಗಿ, ತಾಳ್ಮೆಯಿಂದ ದಾಖಲಿಸುವುದೂ ಒಂದು ಸೇವೆಯೇ ಎಂಬುದನ್ನು ನಾವು ಮರೆಯದಿರೋಣ.