ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ನೆಲ-ಜಲದ ಕಾನೂನು ನೆರವಿನ ಇತಿಹಾಸ

ದಾವಣಗೆರೆ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಚನ್ನಗಿರಿ, ಹೊನ್ನಾಳಿ 1997ರವರೆಗೆ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಬಳಿಕ ಹೊನ್ನಾಳಿಯಿಂದ ಬೇರೆಯಾಯಿತು. ಹಳೆಯ ವ್ಯಾಜ್ಯದ ಕಡತ ಹುಡುಕುವವರು ಇದನ್ನು ನೆನಪಿಡಬೇಕು.

ಮೈಸೂರು ಸಂಸ್ಥಾನದ ಕಾಲದಲ್ಲಿ ಕೆರೆ ನೀರಿನ ತಕರಾರನ್ನು ಊರ ಹಿರಿಯರು, ನೀರಗಂಟಿ, ಅಮಲ್ದಾರರು ಬಗೆಹರಿಸುತ್ತಿದ್ದರು. 1911ರ ಕೆರೆ ಪಂಚಾಯಿತಿ ರೆಗ್ಯುಲೇಷನ್ ಈ ರೂಢಿಗೆ ಕಾನೂನಿನ ಚೌಕಟ್ಟು ಕೊಟ್ಟಿತು. 1965ರ ನೀರಾವರಿ ಕಾಯ್ದೆ ಬಂದ ಮೇಲೆ ನೀರು ಹಂಚುವ ಅಧಿಕಾರ ಇಲಾಖೆಯ ಎಂಜಿನಿಯರ್ ಕೈಗೆ ಹೋಯಿತು. ರೈತ ವಕೀಲರ ಬಾಗಿಲು ತಟ್ಟುವ ಕಾಲ ಶುರುವಾದದ್ದು ಅಲ್ಲಿಂದಲೇ ಎನ್ನಬಹುದು.

ಚನ್ನಗಿರಿಯ ಸೂಳೆಕೆರೆ, ಅಂದರೆ ಶಾಂತಿಸಾಗರ, ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ಶತಮಾನಗಳ ಹಿಂದೆ ನಿರ್ಮಿಸಿದ್ದು. ಅಂಗಳ ಒತ್ತುವರಿಯಾಗಿದೆ, ಸರ್ವೆ ಮಾಡಿಸಿ ಗಡಿಕಲ್ಲು ನೆಡಿಸಿ ಎಂಬುದು ಇಲ್ಲಿನವರ ಬಹುಕಾಲದ ಬೇಡಿಕೆ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನಂತೆ ಖಾಸಗಿ ಹಕ್ಕು ಸಾಬೀತಾಗದ ಕೆರೆ, ಹಳ್ಳ, ದಾರಿಗಳೆಲ್ಲ ಸರ್ಕಾರದ ಸ್ವತ್ತು. 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಊರೊಟ್ಟಿನ ಜಾಗಗಳ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಕಾನೂನಿಗೆ ಕೊರತೆಯಿಲ್ಲ. ಆದರೆ ಹದ್ದು ಗುರುತಾಗದ ಕೆರೆಯ ಪರವಾಗಿ ಎಂಥ ವಕೀಲರೂ ಬಹಳ ಹೊತ್ತು ವಾದಿಸಲಾರರು. ನಕಾಶೆಯೇ ಮೊದಲ ಸಾಕ್ಷಿ. ಭದ್ರಾ ನಾಲೆಯ ಕೊನೆಭಾಗದ ರೈತರದ್ದು ಇನ್ನೊಂದು ಅಳಲು: ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್. ನೀರಾವರಿ ಕಾಯ್ದೆಯ 2024ರ ತಿದ್ದುಪಡಿ ಇಂಥ ನೀರುಗಳ್ಳತನದ ಶಿಕ್ಷೆಯನ್ನು ಬಿಗಿಗೊಳಿಸಿತು.

ಹೊನ್ನಾಳಿ, ನ್ಯಾಮತಿ ಭಾಗದ ತುಂಗಭದ್ರೆಯ ದಡದಲ್ಲಿ ತಕರಾರು ಮರಳಿನದು. 1994ರ ಉಪಖನಿಜ ನಿಯಮಗಳು ಗುತ್ತಿಗೆಯ ಲೆಕ್ಕವನ್ನೇ ಹೆಚ್ಚು ನೋಡಿದ್ದವು. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶ ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಕಡ್ಡಾಯ ಮಾಡಿದಾಗ ಮರಳು ಪರಿಸರದ ಪ್ರಶ್ನೆಯೂ ಆಯಿತು.

ಮಳೆ ಕಡಿಮೆಯಿರುವ ಜಗಳೂರಿನಲ್ಲಿ ವಿಚಾರ ಅಂತರ್ಜಲ ಮತ್ತು ಕಾಡು. ಅಧಿಸೂಚಿತ ಪ್ರದೇಶದಲ್ಲಿ ಕೊಳವೆಬಾವಿ ಕೊರೆಸಲು 2011ರ ಅಂತರ್ಜಲ ಕಾಯ್ದೆಯಡಿ ಅನುಮತಿ ಬೇಕು. ಅದೇ ವರ್ಷ ಕೊಂಡುಕುರಿಗಾಗಿ ರಂಗಯ್ಯನದುರ್ಗ ಅಭಯಾರಣ್ಯ ಘೋಷಣೆಯಾಯಿತು, ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್. ಅಭಯಾರಣ್ಯದೊಳಗಿನ ಹಕ್ಕು ಕೇಳುವವರು ಪ್ರಕಟಣೆಯಾದ ಎರಡು ತಿಂಗಳಲ್ಲಿ ಲಿಖಿತವಾಗಿ ಕೇಳಬೇಕೆನ್ನುತ್ತದೆ 1972ರ ವನ್ಯಜೀವಿ ಕಾಯ್ದೆ. ಕುರಿ ಮೇಯಿಸಿಕೊಂಡು ಊರೂರು ಅಲೆಯುವವರಿಗೆ ಇದು ತೀರಾ ಇಕ್ಕಟ್ಟಿನ ಗಡುವು.

ಪರಿಸರದ ತಕರಾರು ಕೇಳುವ, 2010ರ ಕಾಯ್ದೆಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಇರುವುದು ಚೆನ್ನೈಯಲ್ಲಿ. ತಕರಾರು ಹುಟ್ಟಿದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣವಿದ್ದರೆ ಇನ್ನು 60 ದಿನ ಸಿಗುತ್ತದೆ. ಸ್ಥಳೀಯರಿಗೆ ಹತ್ತಿರದ ದಾರಿ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ. ಅದರ 12ನೇ ಕಲಮು ಮಹಿಳೆಯರು, ಪರಿಶಿಷ್ಟರ ಜೊತೆಗೆ ನೆರೆ, ಬರದ ಸಂತ್ರಸ್ತರನ್ನೂ ಉಚಿತ ನೆರವಿಗೆ ಅರ್ಹರೆಂದು ಹೆಸರಿಸಿದೆ. ಹೊನ್ನಾಳಿಯ ಹೊಳೆದಂಡೆಯವರಿಗೂ ಜಗಳೂರಿನ ಒಣಬೇಸಾಯಗಾರರಿಗೂ ಇದು ಸಲ್ಲುತ್ತದೆ. ಬೇಕಾದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.